ನಾಮಂಜೂರಿನ ಹಂಗಾಮು

ಹೋದ ತಿಂಗಳು ಮಿರಜದಿಂದ ಉಗಾರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಶೇಡಬಾಳ ದಾಟುತ್ತಲೇ ಕಿಟಕಿಯಿಂದ ಆ ವಾಸನೆ ನುಗ್ಗಿತು. ಕುದಿಯುವ ಕಬ್ಬಿನ ಹಾಲು, ಹುಳಿಯೇರಿದ ಕಾಕಂಬಿ, ಅದರ ಜೊತೆಗೆ ಚಿಮಣಿಯ ಬೂದಿ. ಸಕ್ಕರೆ ಕಾರ್ಖಾನೆ ಚಾಲೂ ಆಗಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಕಿಟಕಿ ಹಾಕ್ರಿ ಅಕ್ಕಾರ" ಅಂದಳು. ಹಾಕಲಿಲ್ಲ. "ಎರಡ್ ಮಿನಿಟ್ ತಡೀರಿ" ಎಂದು ಮುಖವನ್ನು ಇನ್ನಷ್ಟು ಹೊರಗೆ ಚಾಚಿದೆ. ಆಕೆ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಅಡ್ಡಿಯಿಲ್ಲ, ಹಾಗೆ ಅನ್ನಿಸಿಕೊಂಡು ನನಗೆ ರೂಢಿಯಿದೆ.

ಆ ವಾಸನೆ ಮೂಗಿಗೆ ಬಂದರೆ ನನಗೆ ಒಂದೇ ಹಂಗಾಮು ನೆನಪಾಗುತ್ತದೆ. ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿದ ವರ್ಷ, ದೀಪಾವಳಿಯ ಮುಂದೆ ಕಬ್ಬಿನ ಕಟಾವು ಶುರುವಾಗಿ ಹೋಳಿಯ ಹೊತ್ತಿಗೆ ಮುಗಿದ ಹಂಗಾಮು. ಆಗ ನಾನು ಕಾಗವಾಡದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ವರ್ಷವರ್ಷ ಹೊಸ ಆದೇಶ ಬಂದರೆ ಕೆಲಸ, ಬರದಿದ್ದರೆ ಮನೆ.

ನಾನು ಅಂಕಲಿಯವಳು. ನಾವು ಬೌದ್ಧರು. ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಊರಿನ ಎಲ್ಲ ಓಣಿಗಳ ಕಂಬ ಹತ್ತಿದ್ದಾನೆ, ಎಲ್ಲ ಮನೆಗಳ ಒಳಗೆ ಹೋಗಿಲ್ಲ. ನನ್ನ ಪಿಎಚ್‌ಡಿ ಯುರೋಪಿನ ಶಸ್ತ್ರಾಸ್ತ್ರ ನಿಯಂತ್ರಣದ ಬಗ್ಗೆ. ಇದನ್ನು ಹೇಳಿದಾಗಲೆಲ್ಲ ಎದುರಿನವರು ಒಮ್ಮೆ ನನ್ನನ್ನು, ಒಮ್ಮೆ ನನ್ನ ಚಪ್ಪಲಿಯನ್ನು ನೋಡುತ್ತಾರೆ. ಧಾರವಾಡದಲ್ಲಿ ಸಂದರ್ಶನದ ದಿನ ಒಬ್ಬ ಹಿರಿಯರು ಅಕ್ಕರೆಯಿಂದಲೇ ಕೇಳಿದ್ದರು:

"ನಿಮ್ಮ ಸಮಾಜದ ಮ್ಯಾಲೇ ಏನರೆ ಮಾಡಬಹುದಲ್ಲವಾ? ನಿಮಗ ಹತ್ರದ ವಿಷಯ."

"ಹತ್ರದ್ದು ಗೊತ್ತೈತ್ರಿ ಸರ್. ಗೊತ್ತಿಲ್ಲದ್ದನ್ನ ಓದಾಕ ಬಂದೇನಿ" ಅಂದಿದ್ದೆ.

ಈ ವಿಷಯ ನನಗೆ ಸಿಕ್ಕದ್ದು ಒಂದು ಚಿತ್ರದಿಂದ. ಆರನೆಯದೋ ಏಳನೆಯದೋ ಇಯತ್ತೆಯಲ್ಲಿದ್ದಾಗ ಅಪ್ಪ ತರುತ್ತಿದ್ದ ಮರಾಠಿ ವಾರಪತ್ರಿಕೆಯಲ್ಲಿ ಅದನ್ನು ನೋಡಿದೆ. ಒಂದು ಬಯಲಿನಲ್ಲಿ ಟ್ಯಾಂಕನ್ನು ಗ್ಯಾಸ್ ಬೆಂಕಿಯಿಂದ ಕತ್ತರಿಸುತ್ತಿದ್ದಾರೆ. ಪಕ್ಕದಲ್ಲಿ ಬೇರೆ ದೇಶದ ಅಧಿಕಾರಿ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದಾನೆ. ಅಪ್ಪ ಓದಿ ಹೇಳಿದ: ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡಿದ್ದಾರೆ, ಇವರ ಟ್ಯಾಂಕನ್ನು ಅವರು ಬಂದು ಎಣಿಸಬಹುದು, ಅವರದನ್ನು ಇವರು. ನಿನ್ನೆಯವರೆಗಿನ ವೈರಿಯನ್ನು ತಮ್ಮ ದಂಡಿನ ಅಂಗಳಕ್ಕೆ ಕರೆದು, ಬಾ ಎಣಿಸು ಅನ್ನುವ ಮಂದಿ! ನಮ್ಮಜ್ಜಿ ಅದೇ ಊರಿನಲ್ಲಿ ಎಪ್ಪತ್ತು ವರ್ಷ ಬಾಳಿ ಕೆಲವು ಅಂಗಳಗಳಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹಾಗಾದರೆ ಅಂಗಳ ತೆರೆಯುವುದಕ್ಕೂ ನಿಯಮ ಬರೆಯಲು ಬರುತ್ತದೆ ಎಂದು ನನಗೆ ಅನ್ನಿಸಿತು. ಹೇಗೆ ಬರೆದರು ಎಂದು ತಿಳಿಯಬೇಕಿತ್ತು. ಅಷ್ಟೇ.

ಕಾಲೇಜಿನಲ್ಲಿ ನಾನು ಅಂತಿಮ ವರ್ಷದವರಿಗೆ ಯುರೋಪಿನ ಭದ್ರತೆ ಎಂಬ ಐಚ್ಛಿಕ ಪತ್ರಿಕೆ ಕಲಿಸುತ್ತಿದ್ದೆ. ಯುದ್ಧ ಶುರುವಾದ ಮೇಲೆ ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಒಬ್ಬರಲ್ಲ ಒಬ್ಬರು, "ಮೇಡಂ, ನಿಮ್ಮ ಒಪ್ಪಂದ ಎಲ್ಲಿಗಿ ಬಂತ್ರಿ?" ಎಂದು ನಗುತ್ತಿದ್ದರು. ಹಂಗಾಮು ಶುರುವಾದ ವಾರ ಪ್ರಿನ್ಸಿಪಾಲರು ಕರೆಸಿದರು. ಒಳ್ಳೆಯವರೇ, ಆದರೆ ಯಾವುದಕ್ಕೂ ಯಾರೊಂದಿಗೂ ಎದುರು ಮಾತಾಡದವರು.

"ಮುಂದಿನ ವರ್ಷಕ್ಕ ಈ ಪೇಪರ್ ತಗದ ಬಿಡೂಣಂತ ಮಂಡಳಿಯವರು ಅಂತಾರ್ರಿ. ಟೂರಿಸಂ ಹಾಕೂಣು. ಒಪ್ಪಂದ ಎಲ್ಲಾ ಹರಕೊಂಡ ಹ್ವಾದ ಮ್ಯಾಲೆ ಹುಡುಗರಿಗಿ ಏನಂತ ಹೇಳ್ತೀರಿ?"

"ಹೆಂಗ ಹರೀತು ಅಂತ ಹೇಳ್ತೀನ್ರಿ ಸರ್."

"ಅದು ಪರೀಕ್ಷಾಕ್ಕ ಬರೂದಿಲ್ಲಲ್ರಿ."

"ತಗ್ಯಾಕ ನನ್ನ ಒಪ್ಪಿಗಿ ಇಲ್ಲ ಅಂತ ಬರದ ಕೊಡ್ತೀನ್ರಿ" ಅಂದೆ. ಅತಿಥಿ ಉಪನ್ಯಾಸಕಿಯ ಬರಹಕ್ಕೆ ಎಷ್ಟು ಬೆಲೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಒಂದು ಪುಟ ಬರೆದುಕೊಟ್ಟೆ. ಅವರು ಅದನ್ನು ಪೇಪರ್‌ವೇಟಿನ ಕೆಳಗೆ ಇಟ್ಟರು.

ಅದಾಗಿ ನಾಲ್ಕೈದು ದಿನಕ್ಕೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುವ ಹೊತ್ತಿನಲ್ಲಿ, ಒಬ್ಬ ಹುಡುಗಿ ನನ್ನ ತರಗತಿಯ ಬಾಗಿಲಲ್ಲಿ ನಿಂತಳು. ಇಪ್ಪತ್ತೊಂದರ ಸುಮಾರು. ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ತುಂಡು. ಬೆಳಗಾವಿಯ ಒಂದು ದಿನಪತ್ರಿಕೆಗೆ ನಾನು ಬರೆದಿದ್ದ ಸಣ್ಣ ಲೇಖನ ಅದು.

"ಇದು ನೀವ ಬರದೀರೇನ್ರಿ?"

"ಹೌದವಾ."

"ಇದರಾಗ ಬರದೀರಿ, ಸೇನಾ ಸರಸೂ ಮೊದ್ಲ ನಲವತ್ತೆರಡು ದಿನ ಮುಂಚೆ ಎಲ್ಲಾ ದೇಶದಾವರಿಗೂ ಹೇಳಬೇಕು, ಅಂಥಾ ನಿಯಮ ಐತಿ ಅಂತ." ಅವಳ ಧ್ವನಿ ಏರಲಿಲ್ಲ, ಇಳಿಯಲೂ ಇಲ್ಲ. "ನಾವು ಹಿಂದಿನ ದಿನ ಪೇಟ್ಯಾಗ ಮೊಸರು ತಗೊಂಡ ಬಂದಿದ್ವಿ. ಪ್ಯಾಥಾಲಜಿ ಟೆಸ್ಟ್ ಇತ್ತು. ನಮಗ ಯಾರೂ ಹೇಳಲಿಲ್ಲಲ್ರಿ. ಟ್ಯಾಂಕ್ ಎಣಸಾವರು ಇದ್ರಂತ ಬರದೀರಿ. ಅವತ್ತ ಎಲ್ಲಿದ್ರು?"

ಅವಳು ಪ್ರಾಜಕ್ತಾ. ಉಗಾರದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಬಾಬುರಾಯರ ಮಗಳು. ಖಾರ್ಕಿವ್‌ನಲ್ಲಿ ಮೂರನೆಯ ವರ್ಷದ ವೈದ್ಯಕೀಯ ಓದುತ್ತಿದ್ದಳು. ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಆರು ದಿನ ಇದ್ದು, ಹಿಮದಲ್ಲಿ ನಡೆದು, ನಿಂತೇ ರೈಲಿನಲ್ಲಿ ಗಡಿ ಮುಟ್ಟಿ ಮನೆಗೆ ಬಂದಿದ್ದಳು. ಊರಿನವರು ಸ್ವಾಗತ ಮಾಡಿ ಹಾರ ಹಾಕಿದ್ದರು. ಆಮೇಲೆ ಎಂಟು ತಿಂಗಳಿಂದ ಅವಳು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು.

ನಾನು ಅವಳಿಗೆ ಸಮಾಧಾನ ಹೇಳಲಿಲ್ಲ. ಸಮಾಧಾನ ಕೇಳಲು ಬಂದ ಮುಖ ಅದಾಗಿರಲಿಲ್ಲ. ಒಳಗೆ ಕರೆದು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಇಡೀ ತರಗತಿಯ ಮುಂದೆ, ಅವಳ ಪ್ರಶ್ನೆಗೇ ಉತ್ತರವಾಗಿ ಹೇಳಿದೆ: ಟ್ಯಾಂಕ್ ಎಣಿಸುವ ಒಪ್ಪಂದದಲ್ಲಿ ಪಾಲ್ಗೊಳ್ಳುವುದನ್ನು ರಷ್ಯಾ ಹದಿನೈದು ವರ್ಷ ಮೊದಲೇ ನಿಲ್ಲಿಸಿತ್ತು. ಮೇಲಿಂದ ವಿಮಾನ ಹಾರಿಸಿ ನೋಡುವ ಒಪ್ಪಂದದಿಂದ ಮೊದಲು ಅಮೆರಿಕ ಹೊರನಡೆಯಿತು, ಆಮೇಲೆ ರಷ್ಯಾ. ಉಳಿದದ್ದು ವಿಯೆನ್ನಾದ ನಿಯಮಗಳು, ಆ ನಲವತ್ತೆರಡು ದಿನದ್ದೂ ಅದರಲ್ಲೇ. ಅಲ್ಲಿಯ ಹಳೆಯ ಅರಮನೆಯೊಂದರಲ್ಲಿ ಐವತ್ತೇಳು ದೇಶಗಳ ಪ್ರತಿನಿಧಿಗಳು ವಾರವಾರ ಕೂಡುತ್ತಾರೆ. ಆ ಫೆಬ್ರುವರಿಯಲ್ಲಿ ಉಕ್ರೇನ್ ಅದೇ ನಿಯಮ ಹಿಡಿದು, ನಮ್ಮ ಗಡಿಯ ಹತ್ತಿರ ನಿಮ್ಮ ಸೇನೆ ಯಾಕೆ ಕೂಡಿದೆ ಹೇಳಿ ಎಂದು ಕೇಳಿತು. ಅದಕ್ಕಾಗಿ ಸಭೆ ಕರೆದರು. ಉಳಿದವರು ಬಂದು ಕೂತರು. ರಷ್ಯಾ ಬರಲಿಲ್ಲ.

"ಬರದಿದ್ರ ಏನ್ ಮಾಡ್ತಾರ್ರಿ?" ಎಂದು ಹಿಂದಿನ ಬೆಂಚಿನಿಂದ ಬೀರಪ್ಪ ಕೇಳಿದ. ರಾಯಬಾಗ ತಾಲೂಕಿನ ಕುರಿಗಾರರ ಮನೆಯವನು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಅವನದು.

"ಏನೂ ಮಾಡಾಕ ಬರೂದಿಲ್ಲ. ಅಲ್ಲಿ ಎಲ್ಲಾರೂ ಒಪ್ಪಿದ್ರ ಮಾತ್ರ ಠರಾವು. ಒಬ್ಬರು ಬ್ಯಾಡ ಅಂದ್ರ ಇಲ್ಲ."

"ನಮ್ಮಪ್ಪ ಯಾರದರೆ ಹೊಲದ ಬಾಜೂಕ ಕುರಿ ಇಳಸೂ ಮೊದ್ಲ ಹೊಲದಾವರಿಗಿ ಹೇಳಿ ಬರ್ತಾನ್ರಿ. ಹೇಳಲಿಲ್ಲಂದ್ರ ಮುಂದಿನ ಸಲ ಆ ಊರಾಗ ನೀರ ಸೈತ ಸಿಗೂದಿಲ್ಲ."

ಪ್ರಾಜಕ್ತಾ ಹಿಂದೆ ತಿರುಗಿ ಅವನನ್ನು ನೋಡಿದಳು. ಬಂದಾಗಿನಿಂದ ಅವಳು ನನ್ನನ್ನು ಬಿಟ್ಟು ಬೇರೆಯವರನ್ನು ನೋಡಿದ್ದು ಅದೇ ಮೊದಲು.

ಮರುದಿನವೂ ಬಂದಳು, ಅದರ ಮರುದಿನವೂ. ಅವಳು ನಮ್ಮ ವಿದ್ಯಾರ್ಥಿನಿಯಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಉಗಾರದಿಂದ ಬರುವ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಎರಡೆರಡು ಟ್ರಾಲಿ ಹೇರು. ಅವುಗಳ ನಡುವೆ ಸ್ಕೂಟಿ ನುಗ್ಗಿಸಿಕೊಂಡು, ತಲೆಗೂದಲಲ್ಲಿ ಬೂದಿ ಹೊತ್ತು ಬರುತ್ತಿದ್ದಳು. ಒಂದು ದಿನ ಪಾಠ ಮುಗಿದ ಮೇಲೆ ತನ್ನ ಪಾಠ ತೋರಿಸಿದಳು. ಮೊಬೈಲಿನ ಪರದೆಯಲ್ಲಿ ಅವಳ ಪ್ಯಾಥಾಲಜಿ ಶಿಕ್ಷಕಿ ಒಕ್ಸಾನಾ. ಐವತ್ತು ದಾಟಿದ ಹೆಂಗಸು, ಮನೆಯೊಳಗೇ ಕೋಟು ಹಾಕಿಕೊಂಡು ಕೂತಿದ್ದರು. ಯಕೃತ್ತಿನ ಚಿತ್ರವನ್ನು ವಿವರಿಸುತ್ತಿದ್ದವರು ನಡುವೆ ನಿಲ್ಲಿಸಿ ಏನೋ ಹೇಳಿ ಎದ್ದುಹೋದರು. ಖಾಲಿ ಕುರ್ಚಿ ಕಾಣುತ್ತಿತ್ತು. ದೂರದಲ್ಲಿ ಸೈರನ್.

"ಈಗ ಬರ್ತಾರ, ತಡೀರಿ" ಅಂದಳು ಪ್ರಾಜಕ್ತಾ.

ಹದಿನೈದು ನಿಮಿಷವಾದ ಮೇಲೆ ಒಕ್ಸಾನಾ ಬಂದು ಕೂತು, ಕನ್ನಡಕ ಏರಿಸಿ, ಬಿಟ್ಟ ಸಾಲಿನಿಂದಲೇ ಮುಂದುವರಿಸಿದರು. ಕ್ಷಮಿಸಿ ಅನ್ನಲಿಲ್ಲ, ಏನಾಯಿತು ಎಂದೂ ಹೇಳಲಿಲ್ಲ. ನಾನು ಆ ಹೆಂಗಸನ್ನು ಈವರೆಗೆ ಭೇಟಿಯಾಗಿಲ್ಲ. ಆದರೆ ನನ್ನ ಐಚ್ಛಿಕ ಪತ್ರಿಕೆಯನ್ನು ಮಂಡಳಿಯವರು ತೆಗೆದರೆ ತೆಗೆಯಲಿ, ನಾನಾಗಿ ಬಿಡುವುದಿಲ್ಲ ಎಂದು ಗಟ್ಟಿಯಾಗಿ ನಿರ್ಧರಿಸಿದ್ದು ಆ ಮಧ್ಯಾಹ್ನ.

ಆ ಚಳಿಗಾಲದಲ್ಲಿ ನಮ್ಮ ದೇಶದಲ್ಲಿ ದೊಡ್ಡ ದೊಡ್ಡ ಅಂತರರಾಷ್ಟ್ರೀಯ ಸಭೆಗಳು ನಡೆಯುತ್ತಿದ್ದವು. ಕಾಲೇಜುಗಳಲ್ಲಿಯೂ ಅಣಕು ಸಭೆ ನಡೆಸಿ ಎಂದು ಸೂಚನೆ ಬಂತು. ಪ್ರಿನ್ಸಿಪಾಲರು ಅದನ್ನು ನನ್ನ ತಲೆಗೆ ಕಟ್ಟಿದರು. ವಿಷಯ ಯಾವುದೆಂದು ಸೂಚನೆಯಲ್ಲಿ ಬರೆದಿರಲಿಲ್ಲ. ನಾನು ಯುರೋಪಿನ ಭದ್ರತಾ ಸಭೆ ಎಂದು ಬರೆದು ಸಹಿ ಮಾಡಿಸಿಕೊಂಡೆ. ಅವರು ಓದದೆ ಸಹಿ ಮಾಡಿದರು.

ಓದಿದವರು ಚೇರ್ಮನ್‌ರು. ಆಡಳಿತ ಮಂಡಳಿಯ ಮುಖ್ಯಸ್ಥರು, ಹಲವು ಸಹಕಾರಿ ಸಂಘಗಳನ್ನು ನಡೆಸಿ ಪಳಗಿದವರು. ನನ್ನನ್ನು ಕರೆಸಿ ಚಹಾ ತರಿಸಿದರು.

"ಬಾಳ ಚಲೋ ಆತ್ರಿ ಮೇಡಂ. ಆ ಉಕ್ರೇನದ ಹುಡುಗಿ ಬರ್ತಾಳಂತಲ್ಲ ನಿಮ್ಮ ಕ್ಲಾಸಿಗಿ? ಅಕೀನ್ನ ಸ್ಟೇಜ್ ಮ್ಯಾಲೆ ತರ್ರಿ. ಏನೇನ ಅನುಭವಿಸ್ಯಾಳ, ಹೇಳ್ಲಿ. ನಾಕ ಹನಿ ಕಣ್ಣೀರ ಬಂದ್ರೂ ಹರಕತ್ ಇಲ್ಲ, ಪೇಪರ್‌ದಾವರು ಬರಾವರದಾರ. ಕಡೀಕ ಬೆಳಗಾವಿಯಿಂದ ಮುಖ್ಯ ಅತಿಥಿ ಬಂದು ಈ ಠರಾವು ಓದ್ತಾರ. ಒಂದ ಗಂಟೇಕ ಮುಗಸ್ರಿ."

ಠರಾವು ಆಗಲೇ ಟೈಪಾಗಿತ್ತು. 'ವಿಶ್ವದ ಎಲ್ಲ ರಾಷ್ಟ್ರಗಳು ಶಾಂತಿ ಮತ್ತು ಸಹಬಾಳ್ವೆಯಿಂದ ಬಾಳಬೇಕೆಂದು ಈ ಸಭೆ ಒಕ್ಕೊರಲಿನಿಂದ ಆಶಿಸುತ್ತದೆ.' ಸಭೆ ಇನ್ನೂ ಹತ್ತು ದಿನ ಮುಂದಿತ್ತು.

ನಾನು ಹಾಗೆಯೇ ಹೋಗಿ ಪ್ರಾಜಕ್ತಾಳಿಗೆ ಎಲ್ಲವನ್ನೂ ಹೇಳಿದೆ, ಕಣ್ಣೀರಿನ ಮಾತನ್ನೂ. ಮುಚ್ಚಿಟ್ಟು ಅವಳನ್ನು ವೇದಿಕೆಗೆ ತಂದರೆ, ನಿಮಗೆ ಹತ್ತಿರದ್ದನ್ನೇ ಹೇಳಿ ಎಂದ ಧಾರವಾಡದ ಆ ಹಿರಿಯರಿಗೂ ನನಗೂ ವ್ಯತ್ಯಾಸ ಉಳಿಯುತ್ತಿರಲಿಲ್ಲ.

"ನಾ ಅಳಾಕ ಬರಾಂಗಿಲ್ರಿ" ಅಂದಳು. "ಎಲ್ಲಾರಿಗೂ ಕುರ್ಚಿ ಕೊಡ್ತೀರಲ್ಲ, ನನಗೂ ಒಂದ ಕುರ್ಚಿ ಕೊಡ್ರಿ. ಬರ್ತೀನಿ."

ಯಾರು ಯಾವ ದೇಶ ಎಂದು ಚೀಟಿ ಹಾಕಿದೆವು. ಇಪ್ಪತ್ತು ದೇಶ, ಇಪ್ಪತ್ತು ಚೀಟಿ. ಉಕ್ರೇನ್ ಐನಾಪುರದ ಒಬ್ಬ ಹುಡುಗಿಗೆ ಹೋಯಿತು. ಪ್ರಾಜಕ್ತಾಳಿಗೆ ಬಂದದ್ದು ಮಾಲ್ಟಾ. ನಕಾಶೆಯಲ್ಲಿ ಹುಡುಕಿದರೆ ಇಟಲಿಯ ಕೆಳಗೆ ಸಮುದ್ರದಲ್ಲಿ ಒಂದು ಚುಕ್ಕಿ. ನಮ್ಮ ಅಥಣಿ ತಾಲೂಕಿಗಿಂತ ಎಷ್ಟೋ ಸಣ್ಣದು. "ಇದಕ್ಕ ಏನ್ ಮಾತಾಡಾಕ ಬರ್ತೈತ್ರಿ?" ಎಂದು ಮುಖ ಸಣ್ಣ ಮಾಡಿದಳು. ನಾನು ಅವಳಿಗೆ ಹಳೆಯ ಸಂಗತಿ ಹೇಳಿದೆ. ಐವತ್ತು ವರ್ಷದ ಹಿಂದೆ ಯುರೋಪಿನ ಭದ್ರತೆಗೆ ಮೂವತ್ತೈದು ದೇಶಗಳು ಕೂತಾಗ, ದೊಡ್ಡವರೆಲ್ಲ ಒಪ್ಪಿ ಲೇಖನಿ ತೆಗೆದಿದ್ದಾಗ, ಈ ಚುಕ್ಕಿ ಒಂದೇ ತಡೆದು ನಿಂತಿತ್ತು. ನಮ್ಮ ಸಮುದ್ರದ ಮಾತೂ ಇದರಲ್ಲಿ ಬರಬೇಕು, ಇಲ್ಲದಿದ್ದರೆ ಒಪ್ಪಿಗೆಯಿಲ್ಲ ಅಂದಿತು. ದೊಡ್ಡವರು ಸಿಟ್ಟಾದರು, ನಕ್ಕರು, ಕಡೆಗೆ ಕಾದರು. ಆ ಮಾತು ಬಂತು.

ಪ್ರಾಜಕ್ತಾ ಚೀಟಿಯನ್ನು ಮಡಚಿ ಮೊಬೈಲಿನ ಕವರಿನೊಳಗೆ ಇಟ್ಟುಕೊಂಡಳು.

ರಷ್ಯಾದ ಚೀಟಿ ಬೀರಪ್ಪನಿಗೆ ಬಂದಿತ್ತು. ಅವನು ಎರಡು ದಿನ ತಲೆ ಕೆಳಗೆ ಹಾಕಿ ಓಡಾಡಿದ. ಆಮೇಲೆ ನನ್ನ ಬಳಿ ಬಂದು, ಅವಳು ಪಕ್ಕದಲ್ಲಿರುವಾಗಲೇ, "ಮೇಡಂ, ಈ ಅಕ್ಕನ ಎದರ ನಾ ಹೆಂಗ ಕುಂದ್ರಲಿ? ಬ್ಯಾರೇ ದೇಶ ಕೊಡ್ರಿ" ಅಂದ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

"ಕುಂದ್ರು. ಖರೇ ಖರೇ ವಾದ ಮಾಡು. ನನ್ನ ಮಾರಿ ನೋಡಿ ಸುಳ್ಳ ಸೋಲಬ್ಯಾಡ. ಅಲ್ಲಿ ಆ ಕುರ್ಚಿ ಖಾಲಿ ಇತ್ತು. ಇಲ್ಲೆರೆ ಯಾರರೆ ಕುಂದ್ರಲಿ."

ಸಭೆಯ ದಿನ ಸಭಾಂಗಣದಲ್ಲಿ ಮೇಜುಗಳನ್ನು ದುಂಡಗೆ ಇಟ್ಟೆವು. ರಟ್ಟಿನ ಮೇಲೆ ದೇಶದ ಹೆಸರು. ಹತ್ತು ಗಂಟೆಗೆ ಶುರುವಾದ ಚರ್ಚೆ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಬೀರಪ್ಪ ನಿಜವಾಗಿ ಓದಿಕೊಂಡು ಬಂದಿದ್ದ. ನಿಮ್ಮ ಪಶ್ಚಿಮದ ಸೇನಾ ಕೂಟ ನಮ್ಮ ಬಾಗಿಲವರೆಗೆ ಬಂದಿತು, ಆಗ ನಮ್ಮನ್ನು ಯಾರು ಕೇಳಿದರು ಎಂದು ಅವನು ಗುಡುಗಿದಾಗ ಜರ್ಮನಿಯಾಗಿ ಕೂತಿದ್ದ ಹುಡುಗ ತಡವರಿಸಿದ. ಪ್ರಾಜಕ್ತಾ ಬರೆದುಕೊಳ್ಳುತ್ತಿದ್ದಳು.

ಹನ್ನೆರಡೂವರೆಗೆ ಚೇರ್ಮನ್‌ರು ಬಂದು ಮುಂದಿನ ಸೋಫಾದಲ್ಲಿ ಕೂತರು. ಅತಿಥಿ ಬರುವ ಮೊದಲು ಮಂಜೂರಿ ಪಡೆಯಲೆಂದು ಪ್ರಿನ್ಸಿಪಾಲರು ಟೈಪಾದ ಠರಾವು ಓದಿದರು. ನಮ್ಮ ಕಡೆ ಸಹಕಾರಿ ಸಂಘದ ವಾರ್ಷಿಕ ಸಭೆ ನೋಡಿದವರಿಗೆ ಮುಂದಿನದು ಗೊತ್ತು. ಚೇರ್ಮನ್‌ರು ಕೂತಲ್ಲಿಂದಲೇ ಕೈ ಎತ್ತಿ, "ಮಂಜೂರ್?" ಅಂದರು. ಹಿಂದಿನ ಸಾಲಿನಲ್ಲಿ ನೋಡಲು ಬಂದಿದ್ದ ಹುಡುಗರೆಲ್ಲ ಒಟ್ಟಿಗೆ, "ಮಂಜೂರ್! ಮಂಜೂರ್!" ಎಂದು ಕೂಗಿದರು. ಚಪ್ಪಾಳೆ ಬಿತ್ತು.

ಚಪ್ಪಾಳೆ ಮುಗಿಯುತ್ತಿದ್ದಂತೆ ಒಂದು ಧ್ವನಿ ಕೇಳಿತು. "ನಾಮಂಜೂರ್."

ಮಾಲ್ಟಾ ಎಂದು ಬರೆದ ರಟ್ಟು ನೆಟ್ಟಗೆ ನಿಂತಿತ್ತು.

"ಏನವಾ?" ಅಂದರು ಚೇರ್ಮನ್‌ರು, ನಗುತ್ತಲೇ.

"ಒಬ್ಬರು ಒಪ್ಪಲಿಲ್ಲಂದ್ರ ಠರಾವು ಆಗೂದಿಲ್ಲಂತ ನಿಯಮ ಐತ್ರಿ. ನನಗ ಒಪ್ಪಿಗಿಲ್ಲ." ಪ್ರಾಜಕ್ತಾ ಎದ್ದು ನಿಂತಿದ್ದಳು. "ಶಾಂತಿಯಿಂದ ಬಾಳಬೇಕಂತ ಆಶಿಸ್ತೀವಿ ಅಂತ ಬರದೀರಿ. ಯಾರು ಏನ್ ಮಾಡಬೇಕು ಅದರಾಗ ಇಲ್ಲ. ಇದನ್ನ ಓದಿದ್ರ ಯಾರಿಗೂ ತ್ರಾಸ ಆಗೂದಿಲ್ಲ. ನಾ ನೆಲಮನ್ಯಾಗ ಇದ್ದಾಗ ಮೊಬೈಲ್‌ನಾಗ ಇಂಥಾವು ಬಾಳ ಬರ್ತಿದ್ವು. ನಂದ ಒಂದ ಸಾಲು ಸೇರಸ್ರಿ. ಸೇನಾ ಸರಸಾವರು ಮೊದ್ಲ ಹೇಳಬೇಕು. ನೆರಿಯಾವರು ಕೇಳಿದ್ರ ಬಂದು ಎದರ ಕುಂತು ಉತ್ತರ ಕೊಡಬೇಕು. ಬರಲಾರದಾವರ ಹೆಸರು ಬರದಿಡಬೇಕು."

"ರಷ್ಯಾಕ್ಕ ಹರಕತ್ ಐತಿ" ಎಂದು ಬೀರಪ್ಪ ತನ್ನ ರಟ್ಟು ಎತ್ತಿದ. "ಹೆಸರು ಬರದಿಡೂದು ನಮಗ ಮಂಜೂರಿಲ್ಲ."

ಆಮೇಲೆ ಇಪ್ಪತ್ತೂ ಮಂದಿ ಒಮ್ಮೆಗೇ ಮಾತಾಡತೊಡಗಿದರು. ಪ್ರಿನ್ಸಿಪಾಲರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಒಂದಕ್ಕ ಹತ್ತ ಮಿನಿಟ್ ಐತ್ರಿ. ಅತಿಥಿಗಳು ಗೇಟಿಗಿ ಬಂದಾರ. ಆ ಹುಡುಗಿಗಿ ಹೇಳಿ ಕುಂದ್ರಸ್ರಿ."

ದೊಡ್ಡ ಸಮ್ಮೇಳನಗಳಲ್ಲಿ ಗಡುವಿನೊಳಗೆ ಮಾತು ಮುಗಿಯದಿದ್ದರೆ ರಾಯಭಾರಿಗಳು ಗಡಿಯಾರ ನಿಲ್ಲಿಸುತ್ತಿದ್ದರು. ಇದು ಕತೆಯಲ್ಲ, ನಡೆದದ್ದು. ಮುಳ್ಳು ನಿಂತಲ್ಲೇ ನಿಂತಿರುತ್ತದೆ, ಒಪ್ಪಂದವಾಗುವವರೆಗೆ ಆ ದಿನ ಮುಗಿಯುವುದಿಲ್ಲ. ನಾನು ಒಂದು ಕುರ್ಚಿ ಎಳೆದು, ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿ, ಗೋಡೆಯ ಗಡಿಯಾರವನ್ನು ಇಳಿಸಿ ಅದರ ಸೆಲ್ ತೆಗೆದೆ. ಮತ್ತೆ ಮೊಳೆಗೆ ನೇತುಹಾಕಿದೆ.

"ಮೇಡಂ, ಏನ ಮಾಡಾಕತ್ತೀರಿ? ಇಳೀರಿ ಕೆಳಗ!" ಚೇರ್ಮನ್‌ರ ನಗು ಹೋಗಿತ್ತು.

"ಒಂದ ಇನ್ನೂ ಆಗಿಲ್ರಿ" ಅಂದೆ ಕುರ್ಚಿಯ ಮೇಲಿಂದಲೇ. "ಗಡಿಯಾರ ನೋಡ್ರಿ. ಈ ಹುಡುಗರು ಮಾತು ಮುಗಸೂತನಕ ಆಗೂದಿಲ್ಲ."

ಸಭಾಂಗಣದಲ್ಲಿ ಕೂಗು ಎದ್ದಿತು. ಹಿಂದಿನ ಸಾಲಿನ ಹುಡುಗರು ಮೊದಲು ಮಂಜೂರ್ ಅಂದದ್ದನ್ನು ಮರೆತು ಈಗ ಶಿಳ್ಳೆ ಹೊಡೆಯುತ್ತಿದ್ದರು. ನಾನು ಕೆಳಗಿಳಿದೆ. ಕೆಲಸ ಹೋಯಿತು ಎಂದು ಆಗಲೇ ತಿಳಿದಿತ್ತು. ತಿಳಿದರೂ ಎದೆಯೊಳಗೆ ಎಂದೂ ಇಲ್ಲದ ಹಗುರು.

ಮುಖ್ಯ ಅತಿಥಿ ಬಂದು ಸೋಫಾದಲ್ಲಿ ಕೂತು ಮುಕ್ಕಾಲು ತಾಸು ಕೇಳಿದರು. ರಾಯಬಾಗದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು, ಠರಾವು ಓದದೆಯೇ ಹೊರಟರು. ಹಾರ ಮೇಜಿನ ಮೇಲೆ ಉಳಿಯಿತು. ಎರಡೂವರೆಗೆ ಎಲ್ಲರೂ ದಣಿದಿದ್ದರು. ಪ್ರಾಜಕ್ತಾ ತನ್ನ ಸಾಲು ಬಿಡಲಿಲ್ಲ, ಬೀರಪ್ಪ ತನ್ನ ಹರಕತ್ತು ಬಿಡಲಿಲ್ಲ. ಠರಾವು ಆಗಲಿಲ್ಲ. ಕಡೆಗೆ ಬೀರಪ್ಪನೇ ಎದ್ದು, "ಮುಂದಿನ ಬುಧವಾರ ಮತ್ತ ಕೂಡೂಣು. ಇದಕ್ಕ ಯಾರದರೆ ಹರಕತ್ ಐತೇನು?" ಎಂದು ಕೇಳಿದ. ಯಾರದೂ ಇರಲಿಲ್ಲ. ಆ ದಿನ ಇಪ್ಪತ್ತು ದೇಶಗಳು ಒಪ್ಪಿದ್ದು ಅದೊಂದನ್ನೇ.

ಮುಂದಿನ ಬುಧವಾರ ಸಭಾಂಗಣಕ್ಕೆ ಬೀಗ ಬಿದ್ದಿತ್ತು. ಸೈಕಲ್ ಸ್ಟ್ಯಾಂಡಿನ ಪಕ್ಕದ ಬೇವಿನ ನೆರಳಿನಲ್ಲಿ ಕೂತೆವು. ಇಪ್ಪತ್ತರಲ್ಲಿ ಹದಿಮೂರು ಮಂದಿ ಬಂದಿದ್ದರು. ಮೂರನೆಯ ಬುಧವಾರ ಬಾಬುರಾಯರೂ ಬಂದರು. ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದರು. ಮಗಳು ದಿನಾ ಎಲ್ಲಿಗೆ ಹೋಗುತ್ತಾಳೆ ಎಂದು ನೋಡಬೇಕಿತ್ತಂತೆ. ಅಂದು ಬೀರಪ್ಪ ಹೊಸ ಮಾತು ತಂದಿದ್ದ.

"ಹೆಸರು ಬರೀರಿ. ಆದ್ರ ಬರದದ್ದನ್ನ ಆ ದೇಶಕ್ಕೂ ಓದಾಕ ಕೊಡಬೇಕು. ಅವರು ಏನರೆ ಹೇಳಿದ್ರ ಅದನ್ನೂ ಬಾಜೂಕ ಬರೀಬೇಕು. ಒಂದ ಕಡೇದ ಅಷ್ಟ ಬರೀಬ್ಯಾಡ್ರಿ."

ಪ್ರಾಜಕ್ತಾ ತಾನು ಬರೆದ ಸಾಲನ್ನು ಮತ್ತೊಮ್ಮೆ ಓದಿಕೊಂಡಳು. ಅವಳ ಮನಸ್ಸಿನಲ್ಲಿ ಏನು ಓಡುತ್ತಿತ್ತೋ ನಾನು ಕೇಳಲಿಲ್ಲ, ಈಗಲೂ ಊಹಿಸುವುದಿಲ್ಲ. ಆಮೇಲೆ, "ಬರೀರಿ" ಅಂದಳು. ಒಬ್ಬೊಬ್ಬರೇ ಸರದಿಯಂತೆ ಮಂಜೂರ್ ಎಂದರು. ಯಾರೂ ಕೂಗಲಿಲ್ಲ.

"ಇಷ್ಟ ಮೂರ ಸಾಲು ಬರ್ಯಾಕ ಮೂರ ವಾರ ಹಿಡೀತೇನ್ರಿ?" ಎಂದು ಬಾಬುರಾಯರು ಕೇಳಿದರು.

"ಅಲ್ಲಿ ವರ್ಷಗಟ್ಟಲೆ ಹಿಡದೈತಂತ್ರಿ ಕಾಕಾ" ಅಂದ ಬೀರಪ್ಪ.

ಆ ಕಾಗದ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಜೂನಿನಲ್ಲಿ ನನಗೆ ಆದೇಶವೂ ಬರಲಿಲ್ಲ. "ಮುಂದಿನ ವರ್ಷ ನೋಡೂಣ್ರಿ" ಎಂದರು ಪ್ರಿನ್ಸಿಪಾಲರು, ಕಣ್ಣು ತಪ್ಪಿಸಿ. ನಾನು ನಿಪ್ಪಾಣಿಯ ಇನ್ನೊಂದು ಕಾಲೇಜು ಸೇರಿದೆ. ಅದೇ ವರ್ಷದ ಕೊನೆಗೆ ಟ್ಯಾಂಕ್ ಎಣಿಸುವ ಒಪ್ಪಂದದಿಂದ ರಷ್ಯಾ ಪೂರ್ತಿ ಹೊರಬಂತು, ಎದುರು ಕೂಟದವರೂ ಅದನ್ನು ತಡೆಹಿಡಿದರು. ಪ್ರಿನ್ಸಿಪಾಲರು ಆ ಸುದ್ದಿಯನ್ನು ಮೊಬೈಲಿಗೆ ಕಳಿಸಿ, 'ಮೇಡಂ, ನಿಮ್ಮ ಒಪ್ಪಂದ ಮುಗಿಯಿತು' ಎಂದು ಬರೆದರು. ಚುಚ್ಚಲು ಬರೆದದ್ದಲ್ಲ, ನನ್ನ ನೆನಪಾಗಿ ಬರೆದದ್ದು. 'ಹೌದು ಸರ್. ಮತ್ತೆ ಕಟ್ಟುವ ದಿನ ಬಂದಾಗ, ಮೊದಲು ಹೇಗೆ ಕಟ್ಟಿದ್ದರು ಎಂದು ಗೊತ್ತಿದ್ದವರು ನಾಲ್ಕು ಜನ ಬೇಕಲ್ಲ' ಎಂದು ಉತ್ತರಿಸಿದೆ. ನಿಪ್ಪಾಣಿಯ ಪಠ್ಯದಲ್ಲಿ ಆ ಪತ್ರಿಕೆ ಇಲ್ಲ. ಆದರೂ ಕಲಿಸುತ್ತೇನೆ. ಬೀರಪ್ಪ ಈಗ ಕಾನೂನು ಓದುತ್ತಿದ್ದಾನೆ.

ಪ್ರಾಜಕ್ತಾ ಮುಂದಿನದನ್ನು ಆ ಹಂಗಾಮಿನಲ್ಲೇ ನಿರ್ಧರಿಸಿದ್ದಳು. ಬೇರೆ ದೇಶದ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳಲು ಅವಕಾಶವಿತ್ತು, ಅವಳ ಜೊತೆಯವರು ಬಹಳ ಮಂದಿ ಹಾಗೆ ಹೋದರು. ಅವಳು ಉಕ್ರೇನಿಗೇ ವಾಪಸು ಹೋದಳು, ಪಶ್ಚಿಮದ ಒಂದು ಊರಿಗೆ. ಒಕ್ಸಾನಾ ಕೂಡ ಆ ಊರಿಗೆ ಬಂದು ಕಲಿಸುತ್ತಿದ್ದರು. ಈಗ ಕೋರ್ಸು ಮುಗಿಸಿ ಬಂದಿದ್ದಾಳೆ, ಇಲ್ಲಿಯ ಪರವಾನಗಿ ಪರೀಕ್ಷೆಗೆ ಓದುತ್ತಿದ್ದಾಳೆ. ಹೋದ ತಿಂಗಳು ನಾನು ಬಸ್ಸಿನಲ್ಲಿ ಉಗಾರಕ್ಕೆ ಹೋಗುತ್ತಿದ್ದದ್ದು ಅವಳನ್ನು ನೋಡಲೆಂದೇ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಉಳಿದಿರುವುದು ಅವಳು ಹೊರಟ ದಿನ. ಆ ವರ್ಷದ ಗಣಪತಿ ಹಬ್ಬ ಮುಗಿದಿತ್ತು. ಮಿರಜ ಸ್ಟೇಷನ್ನಿನಲ್ಲಿ ಮುಂಬೈ ಗಾಡಿಗೆ ಕಾಯುತ್ತಿದ್ದೆವು, ಅವಳು, ತಾಯಿ, ಬಾಬುರಾಯರು, ನಾನು. ಹೊರಗೆ ಜಿಟಿಜಿಟಿ ಮಳೆ. ತಾಯಿ ಮಗಳ ಚೀಲದ ಜಿಪ್ಪನ್ನು ತೆರೆದು ಹಾಕುತ್ತಾ, ಹಾಕಿ ತೆರೆಯುತ್ತಾ ಇದ್ದರು. ಬಾಬುರಾಯರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ನಿಮ್ಮ ಮಾತ ಕೇಳ್ತಾಳ್ರಿ. ಬ್ಯಾಡಂತ ಒಂದ ಮಾತ ಹೇಳ್ರಿ. ಇನ್ನೂ ಟೈಮ್ ಐತಿ."

"ನಾ ಹೇಳೂದಿಲ್ಲ ಬಾಬುರಾಯಣ್ಣಾ" ಅಂದೆ. "ನನಗ ಹೇಳಿದ್ರ ನಾನೂ ಕೇಳ್ತಿದ್ದಿಲ್ಲ."

ಅವರು ನನ್ನನ್ನು ದಿಟ್ಟಿಸಿದರು. ಸಿಟ್ಟು ಬಂದಿತ್ತು, ಬರಲೇಬೇಕಿತ್ತು. ಮಗಳ ಬಳಿ ಹೋಗಿ ನಿಂತರು. ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು.

"ಅಲ್ಲಿ ಮತ್ತ ಬಾಂಬ್ ಬಿದ್ರ?"

"ಬೀಳ್ತಾವ ಪಪ್ಪಾ. ಬಿದ್ದಾಗ ಕೆಳಗ ಹೋಗ್ತೀವಿ, ನಿಂತ ಮ್ಯಾಲೆ ಮ್ಯಾಲ ಬಂದು ಓದ್ತೀವಿ."

ಬಾಬುರಾಯರು ತಲೆಯ ಮೇಲಿನ ಮಳೆನೀರು ಒರೆಸಿಕೊಂಡರು. "ಆತು. ಒಂದ ಮಾತರೆ ಕೇಳು. ಎಲ್ಲಿಗಿ ಹೊಂಟ್ರೂ, ಯಾವ ಊರಿಗಿ ಸರದ್ರೂ, ಮೊದ್ಲ ನನಗ ಹೇಳಿ ಹೋಗಬೇಕು."

"ಹೇಳಿ ಹೋಗ್ತೀನಿ ಪಪ್ಪಾ" ಅಂದಳು ಪ್ರಾಜಕ್ತಾ. "ಕೇಳಿ ಹೋಗೂದಿಲ್ಲ."

ತಾಯಿಯ ಕೈ ಜಿಪ್ಪಿನ ಮೇಲೆ ನಿಂತಿತು. ಬಾಬುರಾಯರು ಬಗ್ಗಿ ಆ ದೊಡ್ಡ ಚೀಲವನ್ನು ತಾವೇ ಹೆಗಲಿಗೆ ಏರಿಸಿ, ಜನರನ್ನು ಸರಿಸಿಕೊಂಡು, ಅವಳಿಗಿಂತ ಮೊದಲು ಗಾಡಿ ಹತ್ತಿ ಅವಳ ಜಾಗ ಹುಡುಕತೊಡಗಿದರು.